ಕೊರಳ ಗಂಟು, ನಡುವಿನ ಅಳತೆ

ಹರೆಯದವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚುತ್ತಿದೆ ಎಂಬ ಸುದ್ದಿ ಎಲ್ಲೆಡೆ ಹರಡಿದೆ. ತುಂಗಭದ್ರೆಯ ದಂಡೆಯ ಊರುಗಳು ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ?

ಮುಂಡರಗಿಯಿಂದ ಹೂವಿನಹಡಗಲಿ ಕಡೆ ಹೊರಟ ಬಸ್ಸು ತುಂಗಭದ್ರೆಯ ಸೇತುವೆ ಹತ್ತುವ ಮುನ್ನ ಸಿಗುವ ಊರು ಕೊರ್ಲಹಳ್ಳಿ. ಆಚೆ ದಂಡೆಗೆ ಮದಲಗಟ್ಟಿ, ವಿಜಯನಗರ ಜಿಲ್ಲೆ. ಈಚೆಗೆ ಎರೆಮಣ್ಣಿನ ಗದಗ ಸೀಮೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಈ ಭಾಗದಲ್ಲಿ ಇಪ್ಪತ್ತೈದು ದಾಟದ ಹೆಣ್ಣುಮಕ್ಕಳ ಬಾಯಲ್ಲೂ ಈಗ ‘ನನಗ ಥೈರಾಯ್ಡ್ ಐತ್ರಿ’ ಎಂಬ ಮಾತು ಸಲೀಸಾಗಿ ಬರುತ್ತದೆ. ಮೈ ತುಂಬಿಕೊಂಡರೂ ಥೈರಾಯ್ಡ್, ಕೂದಲು ಉದುರಿದರೂ ಥೈರಾಯ್ಡ್, ತಿಂಗಳ ಮುಟ್ಟು ತಪ್ಪಿದರೂ ಥೈರಾಯ್ಡ್. ಅದರ ಬೆನ್ನಿಗೆ ಮೊಬೈಲಿನಲ್ಲಿ ಕ್ಯಾನ್ಸರಿನ ಸುದ್ದಿಯೂ ಬಂದು ಬೀಳುತ್ತದೆ. ಗಂಡು ನೋಡುವ ಹೊತ್ತಿನಲ್ಲಿ ಮಗಳ ಕೊರಳಲ್ಲಿ ಗಂಟು ಕಂಡರಂತೂ ಮುಗಿಯಿತು, ದವಾಖಾನೆಗೆ ಹೋಗುವುದಕ್ಕಿಂತ ಮೊದಲು ಅದನ್ನು ಸೆರಗಿನಡಿ ಮುಚ್ಚಿಡುವ ಯೋಚನೆ ಬರುತ್ತದೆ.

ಈ ಹೆದರಿಕೆ ಸುಳ್ಳಲ್ಲ. ಆದರೆ ಅದು ತಪ್ಪು ಜಾಗದಲ್ಲಿ ಕೂತಿದೆ ಎಂಬುದೇ ಈ ಲೇಖನದ ತಕರಾರು. ಕೊರಳ ಗಂಟಿಗೆ ಬೆಚ್ಚಿಬೀಳುವ ಮನೆಯವರೇ ಇಪ್ಪತ್ತೆಂಟರ ಮಗನ ಹೊಟ್ಟೆ ಮುಂದೆ ಬಂದದ್ದನ್ನು ಕಂಡು ‘ಮದುವಿ ಆದಮ್ಯಾಲೆ ಮೈ ಹಿಡದೈತಿ’ ಎಂದು ಖುಷಿಪಡುತ್ತಾರೆ. ಹರೆಯದ ಆಯುಷ್ಯವನ್ನು ಹೆಚ್ಚು ತಿನ್ನುವುದು ಆ ಹೊಟ್ಟೆ. ಥೈರಾಯ್ಡ್ ಕ್ಯಾನ್ಸರಿಗೂ ಅದಕ್ಕೂ ಒಂದು ಎಳೆಯ ನಂಟು ಇದೆ ಎಂದು ವಿಜ್ಞಾನ ಈಗ ಹೇಳುತ್ತಿದೆ. ಆ ಎಳೆ ಎಷ್ಟು ಗಟ್ಟಿ ಎಂದು ನೋಡುವ ಮೊದಲು ಗಂಟಿನಿಂದಲೇ ಶುರು ಮಾಡೋಣ.

ಗುಟುಕು ನೀರು, ಒಂದು ಕನ್ನಡಿ

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಗಂಟಲಗುಳ್ಳೆಯ ಕೆಳಗೆ, ಉಸಿರುನಾಳದ ಮುಂದೆ ಚಿಟ್ಟೆ ರೆಕ್ಕೆ ಬಿಚ್ಚಿ ಕೂತಂತಿರುವ ಗ್ರಂಥಿ ಅದು. ಎಲ್ಲರಿಗೂ ಇರುತ್ತದೆ. ಉಪ್ಪಿನಲ್ಲಿ ಬರುವ ಅಯೋಡಿನ್ ಬಳಸಿಕೊಂಡು ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಮೈಯ ಜೀವಕೋಶಗಳು ಎಷ್ಟು ವೇಗದಲ್ಲಿ ಶಕ್ತಿ ಉರಿಸಬೇಕು ಎಂಬುದನ್ನು ಆ ಹಾರ್ಮೋನು ತೀರ್ಮಾನಿಸುತ್ತದೆ.

ಗಂಟು ನೋಡಿಕೊಳ್ಳುವುದು ಸುಲಭ. ಬೆಳಕಿಗೆ ಎದುರಾಗಿ ಕನ್ನಡಿ ಮುಂದೆ ನಿಂತು, ಗದ್ದ ತುಸು ಮೇಲೆತ್ತಿ, ಒಂದು ಗುಟುಕು ನೀರು ನುಂಗಿ. ಥೈರಾಯ್ಡಿನ ಗಂಟು ಇದ್ದರೆ ನುಂಗುವಾಗ ಅದೂ ಮೇಲೆ ಸರಿದು ಮತ್ತೆ ಇಳಿಯುತ್ತದೆ. ಕೊರಳ ಬದಿಯ ಬೇರೆ ಗಂಟುಗಳು ಸಾಮಾನ್ಯವಾಗಿ ಹೀಗೆ ಸರಿಯುವುದಿಲ್ಲ. ಕಂಡರೆ ವೈದ್ಯರಿಗೆ ತೋರಿಸಬೇಕು. ಕಾಣದಿದ್ದರೆ ಅಷ್ಟಕ್ಕೇ ಬಿಡಬೇಕು, ಬೆಳಗಾದರೆ ಕೊರಳು ಹಿಚುಕಿ ನೋಡಿಕೊಳ್ಳುವ ಚಟ ಬೇಡ.

ಕೈಗೆ ಸಿಗುವ ಇಂಥ ಗಂಟು ನೂರು ವಯಸ್ಕರಲ್ಲಿ ನಾಲ್ಕರಿಂದ ಏಳು ಜನರಿಗೆ ಇರಬಹುದು. ಅಲ್ಟ್ರಾಸೌಂಡ್ ಸ್ಕ್ಯಾನ್ ಹಿಡಿದರೆ ಈ ಸಂಖ್ಯೆ ಎಷ್ಟೋ ಪಟ್ಟು ಏರುತ್ತದೆ. ಪರೀಕ್ಷೆಗೆ ಬಂದ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ 7ರಿಂದ 15 ಮಾತ್ರ. ಉಳಿದವು ನೀರು ತುಂಬಿದ ಚೀಲಗಳು, ಅಯೋಡಿನ್ ಕೊರತೆಯ ಗಳಗಂಡ, ಉರಿಯೂತದ ಬಾವು. ವೈದ್ಯರು ಮೊದಲು ರಕ್ತದಲ್ಲಿ, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ನೋಡುತ್ತಾರೆ, ಆಮೇಲೆ ಸ್ಕ್ಯಾನು. ಸ್ಕ್ಯಾನಿನಲ್ಲಿ ಅನುಮಾನ ಬಂದರೆ ಸಣ್ಣ ಸೂಜಿ ಹಾಕಿ ಒಂದಿಷ್ಟು ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಎಫ್‌ಎನ್‌ಎಸಿ ಎಂದರೆ ಇದೇ. ‘ಸೂಜಿ ಚುಚ್ಚಿದರ ಕ್ಯಾನ್ಸರ್ ಹರಡತೈತಿ’ ಎಂಬ ಮಾತು ನಮ್ಮಲ್ಲಿ ಬೇರುಬಿಟ್ಟಿದೆ. ಆ ಅಂಜಿಕೆಯಿಂದ ಪರೀಕ್ಷೆ ತಪ್ಪಿಸಿಕೊಂಡವರಿಗೆ ಆಗುವ ನಷ್ಟವೇ ದೊಡ್ಡದು. ರಕ್ತ ತೆಗೆಯುವ ಸೂಜಿಗಿಂತ ದಪ್ಪವಿಲ್ಲದ ಸೂಜಿ ಅದು.

ತಡ ಮಾಡಬಾರದ ಲಕ್ಷಣಗಳೂ ಇವೆ. ಗಂಟು ಬೇಗಬೇಗ ದೊಡ್ಡದಾಗುವುದು, ಕಲ್ಲಿನ ಹಾಗೆ ಗಟ್ಟಿಯಾಗಿ ಅಲುಗಾಡದೆ ಕೂರುವುದು, ದನಿ ಗೊಗ್ಗರಾಗಿ ವಾರಗಟ್ಟಲೆ ಹಾಗೇ ಉಳಿಯುವುದು, ನುಂಗಲು ತೊಡಕಾಗುವುದು, ಕೊರಳ ಬದಿಗೂ ಗಂಟೇಳುವುದು. ಚಿಕ್ಕಂದಿನಲ್ಲಿ ಬೇರೆ ಕಾಯಿಲೆಗೆ ತಲೆ, ಕೊರಳಿಗೆ ವಿಕಿರಣ ಚಿಕಿತ್ಸೆ ಪಡೆದವರು ಮತ್ತು ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಂಡವರು ಇನ್ನಷ್ಟು ಎಚ್ಚರದಿಂದಿರಬೇಕು. ಎಳೆಯ ಥೈರಾಯ್ಡಿಗೆ ವಿಕಿರಣ ಎಷ್ಟು ಅಪಾಯಕಾರಿ ಎಂಬುದನ್ನು 1986ರ ಚೆರ್ನೋಬಿಲ್ ದುರಂತ ತೋರಿಸಿಕೊಟ್ಟಿತು. ವಿಕಿರಣಶೀಲ ಅಯೋಡಿನ್ ಬಿದ್ದ ಹುಲ್ಲು ಮೇಯ್ದ ಆಕಳ ಹಾಲು ಕುಡಿದ ಮಕ್ಕಳಲ್ಲಿ ಕೆಲವೇ ವರ್ಷಗಳಲ್ಲಿ ಈ ಕ್ಯಾನ್ಸರ್ ಏರಿತು.

ವಯಸ್ಸೇ ಆಸರೆ

ಬೇರೆ ಕ್ಯಾನ್ಸರುಗಳು ಮುಪ್ಪಿನವರನ್ನು ಹೆಚ್ಚು ಹುಡುಕಿಕೊಂಡು ಬರುತ್ತವೆ. ಥೈರಾಯ್ಡ್ ಕ್ಯಾನ್ಸರ್ ಹರೆಯದಲ್ಲೂ ಬರುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 8.2 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಅದೇ ವರ್ಷ ಇದರಿಂದ ಸತ್ತವರು ಸುಮಾರು 47 ಸಾವಿರ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಕಣ್ಣಿಟ್ಟು ನೋಡಬೇಕು. ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ನಾವು ಊಹಿಸಿಕೊಳ್ಳುವ ಲೆಕ್ಕ ಹೀಗಿರುವುದಿಲ್ಲ.

ಹತ್ತರಲ್ಲಿ ಎಂಟು ಥೈರಾಯ್ಡ್ ಕ್ಯಾನ್ಸರುಗಳು ಪ್ಯಾಪಿಲರಿ ಎಂಬ ನಿಧಾನಗತಿಯ ಬಗೆ. ಕೊರಳ ದುಗ್ಧಗ್ರಂಥಿಗಳಿಗೆ ಹರಡಿದರೂ ಹರೆಯದವರಲ್ಲಿ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಎಷ್ಟರ ಮಟ್ಟಿಗೆ ಎಂದರೆ, ವೈದ್ಯರು ಕ್ಯಾನ್ಸರಿನ ಹಂತ ನಿರ್ಧರಿಸುವಾಗ ರೋಗಿಯ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. 2018ರಿಂದ ಬಳಕೆಯಲ್ಲಿರುವ ನಿಯಮದ ಪ್ರಕಾರ 55ರೊಳಗಿನವರಿಗೆ ಪ್ಯಾಪಿಲರಿ ಅಥವಾ ಫಾಲಿಕ್ಯುಲರ್ ಬಗೆ ಬಂದರೆ ಅದಕ್ಕೆ ಮೂರನೇ, ನಾಲ್ಕನೇ ಹಂತವೇ ಇಲ್ಲ. ಶ್ವಾಸಕೋಶಕ್ಕೆ ಹರಡಿದ್ದರೂ ಅದು ಎರಡನೇ ಹಂತ. ಕೊರಳ ಗಂಟನ್ನು ಮುಚ್ಚಿಟ್ಟುಕೊಂಡು ಕೂತ ಹುಡುಗಿಗೆ ಯಾರಾದರೂ ಇದೊಂದು ಮಾತನ್ನು ತಿಳಿಹೇಳಬೇಕು. ಮೆಡ್ಯುಲರಿ ಮತ್ತು ಅನಾಪ್ಲಾಸ್ಟಿಕ್ ಎಂಬ ಅಪರೂಪದ ಬಗೆಗಳ ಮಾತು ಬೇರೆ. ಅನಾಪ್ಲಾಸ್ಟಿಕ್ ಬಲು ಕ್ರೂರಿ, ಆದರೆ ಅದು ಸಾಮಾನ್ಯವಾಗಿ ಇಳಿವಯಸ್ಸಿನ ಕಾಯಿಲೆ.

ಕೊರಿಯಾ ಕಲಿಸಿದ್ದು

ಹಾಗಾದರೆ ಸಂಖ್ಯೆ ಏಕೆ ಏರುತ್ತಿದೆ? ಉತ್ತರದ ಬಹುಪಾಲು ದಕ್ಷಿಣ ಕೊರಿಯಾದಲ್ಲಿದೆ. 1999ರಲ್ಲಿ ಅಲ್ಲಿನ ಸರ್ಕಾರ ಬೇರೆ ಕೆಲವು ಕ್ಯಾನ್ಸರುಗಳಿಗೆ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಸ್ವಲ್ಪ ಹೆಚ್ಚಿಗೆ ದುಡ್ಡು ಕೊಟ್ಟರೆ ಆಸ್ಪತ್ರೆಗಳು ಕೊರಳ ಸ್ಕ್ಯಾನನ್ನೂ ಸೇರಿಸಿ ಕೊಡತೊಡಗಿದವು. 2011ರ ಹೊತ್ತಿಗೆ ಪತ್ತೆಯಾಗುವ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನ ಕ್ಯಾನ್ಸರ್ ರೋಗಿಗಳೆನಿಸಿಕೊಂಡರು, ಹೆಚ್ಚುಕಡಿಮೆ ಎಲ್ಲರೂ ಆಪರೇಷನ್ ಮಾಡಿಸಿಕೊಂಡರು. ಸಾವಿನ ಪ್ರಮಾಣ ಮಾತ್ರ ಕದಲಲಿಲ್ಲ. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಬಹಿರಂಗವಾಗಿ ಇದನ್ನು ಪ್ರಶ್ನಿಸಿತು. ಒಂದೇ ವರ್ಷದೊಳಗೆ ಆಪರೇಷನ್‌ಗಳು ಮೂರನೇ ಒಂದರಷ್ಟು ಇಳಿದವು.

ಆಪರೇಷನ್ ಎಂದರೆ ಗಂಟು ತೆಗೆದು ಕೈ ತೊಳೆದುಕೊಳ್ಳುವ ಕೆಲಸವಲ್ಲ. ದನಿಪೆಟ್ಟಿಗೆಗೆ ಹೋಗುವ ನರ ಗ್ರಂಥಿಗೆ ಅಂಟಿಕೊಂಡೇ ಹಾದುಹೋಗುತ್ತದೆ, ಪೆಟ್ಟಾದರೆ ದನಿ ಒಡೆಯುತ್ತದೆ. ಥೈರಾಯ್ಡಿನ ಬೆನ್ನಿಗಂಟಿದ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಧಕ್ಕೆಯಾದರೆ ರಕ್ತದ ಕ್ಯಾಲ್ಸಿಯಂ ಇಳಿದು ತುಟಿ, ಬೆರಳು ಜುಮ್ಮೆನ್ನುತ್ತವೆ. ಇಡೀ ಥೈರಾಯ್ಡ್ ತೆಗೆದರೆ ಬದುಕಿರುವವರೆಗೆ ಮಾತ್ರೆ. ಬೇಕಾದವರಿಗೆ ಇದೆಲ್ಲ ತಕ್ಕುದೇ. ಬೇಡದವರಿಗೆ ಯಾಕೆ?

1985ರಲ್ಲಿ ಫಿನ್ಲೆಂಡಿನ ವೈದ್ಯರು ಬೇರೆ ಕಾರಣಗಳಿಂದ ಸತ್ತವರ ಥೈರಾಯ್ಡನ್ನು ತೆಳ್ಳಗೆ ಸೀಳಿ ನೋಡಿದರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಸಾಸಿವೆಗಿಂತ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಇತ್ತು. ಬದುಕಿದ್ದಾಗ ಅವರಿಗೆ ಅದರ ಸುಳಿವೂ ಇರಲಿಲ್ಲ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ 1993ರಿಂದಲೇ ಒಂದು ಸೆಂಟಿಮೀಟರಿಗಿಂತ ಸಣ್ಣ, ಅಪಾಯದ ಗುರುತಿಲ್ಲದ ಗಂಟುಗಳನ್ನು ಕೊಯ್ಯದೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ಕಾಯುವ ದಾರಿ ಹಿಡಿಯಿತು. ಹತ್ತು ವರ್ಷ ಕಾದರೂ ಬಹುಪಾಲು ಗಂಟುಗಳು ಬೆಳೆಯಲಿಲ್ಲ. ಆದರೆ ನಮ್ಮ ವಿಷಯಕ್ಕೆ ಸಲ್ಲುವ ಒಂದು ಸೂಕ್ಷ್ಮ ಅಲ್ಲೇ ಹೊರಬಿತ್ತು: ಬೆಳೆದ ಗಂಟುಗಳು ನಲವತ್ತರೊಳಗಿನವರಲ್ಲಿ ಹೆಚ್ಚು. ಕಾಯುವ ದಾರಿ ಹಿಡಿದ ಹರೆಯದವರು ತಪಾಸಣೆಯ ದಿನ ತಪ್ಪಿಸುವಂತಿಲ್ಲ.

ಹಬ್ಬದ ರಿಯಾಯಿತಿಯ ‘ಫುಲ್ ಬಾಡಿ ಚೆಕಪ್’ ಜಾಹೀರಾತುಗಳು ಗದಗ, ಹುಬ್ಬಳ್ಳಿಯವರ ಮೊಬೈಲಿಗೂ ಬರುತ್ತವೆ. ಯಾವ ತೊಂದರೆಯೂ ಇಲ್ಲದವರು ಸುಮ್ಮನೆ ಕೊರಳ ಸ್ಕ್ಯಾನ್ ಮಾಡಿಸಿಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. ಅಮೆರಿಕದ ತಡೆಗಟ್ಟುವ ಆರೋಗ್ಯಸೇವೆಗಳ ಕಾರ್ಯಪಡೆ 2017ರಲ್ಲೇ ಇಂಥ ತಪಾಸಣೆ ಬೇಡ ಎಂದು ಖಚಿತವಾಗಿ ಹೇಳಿದೆ.

ಸೊಂಟದ ಸುತ್ತ ಕೂತ ಕೊಬ್ಬು

ಏರಿಕೆಯೆಲ್ಲ ಸ್ಕ್ಯಾನಿನ ಮಹಿಮೆಯೇ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಬೊಜ್ಜು ತಂದೊಡ್ಡುವ ಹದಿಮೂರು ಬಗೆಯ ಕ್ಯಾನ್ಸರುಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಪಟ್ಟಿ ಮಾಡಿದಾಗ ಥೈರಾಯ್ಡೂ ಅದರಲ್ಲಿತ್ತು. ಕೊರಿಯಾದ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳನ್ನಿಟ್ಟುಕೊಂಡು ಮಾಡಿದ ಭಾರೀ ಅಧ್ಯಯನಗಳಲ್ಲೂ ಮೆಟಬಾಲಿಕ್ ಸಿಂಡ್ರೋಮ್ ಇದ್ದವರಿಗೆ ಈ ಕ್ಯಾನ್ಸರ್ ಬರುವ ಸಂಭವ ತುಸು ಹೆಚ್ಚು ಕಂಡಿದೆ.

ಈ ಸಿಂಡ್ರೋಮ್ ಅಳೆಯಲು ಐದು ಗುರುತುಗಳಿವೆ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟುವುದು ಅಥವಾ ದಾಟುವುದು ಮೊದಲನೆಯದು. ರಕ್ತದೊತ್ತಡ 130/85 ಅಥವಾ ಮೇಲೆ, ಬರಿಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ, ಟ್ರೈಗ್ಲಿಸರೈಡ್ ಕೊಬ್ಬು 150 ಅಥವಾ ಮೇಲೆ, ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗೆ ಎಂಬವು ಉಳಿದ ನಾಲ್ಕು. ಐದರಲ್ಲಿ ಮೂರಿದ್ದರೆ ಸಿಂಡ್ರೋಮ್ ಇದೆ ಎಂದರ್ಥ.

ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂಡುವ ಕೊಬ್ಬು ಸುಮ್ಮನಿರುವುದಿಲ್ಲ. ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಮಾತನ್ನು ಮೈ ಕೇಳದಂತೆ ಮಾಡುತ್ತದೆ. ಆಗ ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಇನ್ಸುಲಿನ್ನೂ ಅದರ ನಂಟಿನ ಐಜಿಎಫ್-1 ಎಂಬ ಬೆಳವಣಿಗೆಯ ಅಂಶವೂ ಥೈರಾಯ್ಡ್ ಕೋಶಗಳನ್ನು ‘ಬೆಳೆ, ಒಡೆ’ ಎಂದು ಹುರಿದುಂಬಿಸಬಲ್ಲವು. ಕೊಬ್ಬು ಈಸ್ಟ್ರೋಜನ್ ಹಾರ್ಮೋನನ್ನೂ ತಯಾರಿಸುತ್ತದೆ. ದಾರಿಗಳು ಹೀಗೆ ಇವೆ. ಆದರೂ ಇಲ್ಲಿ ಒಂದು ಎಚ್ಚರಿಕೆ ಬೇಕು. ಸಕ್ಕರೆ, ಬಿ.ಪಿ. ಇರುವವರು ದವಾಖಾನೆಗೆ ಹೆಚ್ಚು ಎಡತಾಕುತ್ತಾರೆ, ಹೆಚ್ಚು ಸ್ಕ್ಯಾನಿಗೆ ಒಳಗಾಗುತ್ತಾರೆ, ಹಾಗಾಗಿ ಅವರಲ್ಲಿ ಹೆಚ್ಚು ಪತ್ತೆಯಾಗುವ ಸಾಧ್ಯತೆಯೂ ಇದೆ. ಎಲ್ಲ ಕಳೆದು ಉಳಿಯುವ ಹೆಚ್ಚುವರಿ ಅಪಾಯ ಸಣ್ಣದು. ಹೊಟ್ಟೆ ಬಂದವರಿಗೆಲ್ಲ ಥೈರಾಯ್ಡ್ ಕ್ಯಾನ್ಸರ್ ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಆ ಹೊಟ್ಟೆ ಖಚಿತವಾಗಿ ತರುವುದು ಬೇರೆ: ಸಕ್ಕರೆ ಕಾಯಿಲೆ, ಹೃದಯಾಘಾತ, ಕೊಬ್ಬು ತುಂಬಿದ ಪಿತ್ತಜನಕಾಂಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ.

‘ನಾವು ತೆಳ್ಳಗಿದ್ದೀವಿ, ನಮಗೇನು’ ಎನ್ನುವವರಿಗೆ ಉತ್ತರ ಕೊಟ್ಟದ್ದು ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ತನ್ನಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟುಕೊಂಡಿತ್ತು. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ದಾಖಲೆ ಪುಸ್ತಕಗಳನ್ನು ಬಿಚ್ಚಿ, ಆ ಮಕ್ಕಳು ನಡುವಯಸ್ಸಿನವರಾಗಿ ಎಲ್ಲಿದ್ದಾರೆಂದು ಹುಡುಕಿ ತಪಾಸಣೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಬಯಲಾಯಿತು. ತಾಯಿಯ ಬಸಿರಿನಲ್ಲೇ ಬೀಳುವ ಈ ಅಡಿಪಾಯದ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಕೆಲವೇ ಊರುಗಳಲ್ಲಿ ನಮ್ಮದೊಂದಿದೆ ಎಂಬುದು ಕನ್ನಡಿಗರಿಗೇ ಹೆಚ್ಚು ಗೊತ್ತಿಲ್ಲ.

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತು ಫೋಟೊ ಹಾಕಿಸಿಕೊಂಡರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ (ಬಿಎಂಐ) ಇಬ್ಬರದೂ 22.3. ನೋಡಲು ಇಬ್ಬರೂ ಸಪೂರ. ಮೈಯಲ್ಲಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ತಕ್ಕಡಿ ಮೇಲೆ ನಿಂತು ನೆಮ್ಮದಿಪಡುವ ನಮ್ಮಂಥವರು ಟೇಪು ಹಿಡಿಯಲೇಬೇಕು ಎನ್ನಲು ಈ ಒಂದು ಚಿತ್ರ ಸಾಕು.

ಟೇಪು ಯಾರ ಕೈಯಲ್ಲಿದೆ

ಆ ಟೇಪು ಊರಲ್ಲೇ ಇದೆ. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ತುಂಬುವ ಸಿ-ಬ್ಯಾಕ್ ಎಂಬ ನಮೂನೆಯಲ್ಲಿ ವಯಸ್ಸು, ತಂಬಾಕು, ಕುಡಿತ, ದೈಹಿಕ ಚಟುವಟಿಕೆ, ಮನೆತನದ ಕಾಯಿಲೆಗಳ ಜೊತೆ ಸೊಂಟದ ಸುತ್ತಳತೆಗೂ ಒಂದು ಸಾಲಿದೆ. ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಅಂಕ ಬೀಳುತ್ತದೆ. ಒಟ್ಟು ಅಂಕ ನಾಲ್ಕು ದಾಟಿದರೆ ತಪಾಸಣೆಗೆ ಮೊದಲ ಸರದಿ. ‘ತಮ್ಮಾ, ಉಸಿರು ಬಿಡು, ಹೊಟ್ಟಿ ಒಳಗ ಎಳಕೋಬ್ಯಾಡ’ ಎಂದು ಹೇಳಿ ಅಳೆಯಬೇಕು. ಟೇಪು ನಿಲ್ಲಬೇಕಾದದ್ದು ಪ್ಯಾಂಟಿನ ಬೆಲ್ಟಿನ ಜಾಗದಲ್ಲಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಟ್ಟನಡುವೆ.

ತೊಡಕಿರುವುದು ವಯಸ್ಸಿನಲ್ಲಿ. ಈ ತಪಾಸಣೆ ರೂಪುಗೊಂಡದ್ದು 30 ದಾಟಿದವರಿಗಾಗಿ. ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗಿ ಹಬ್ಬಕ್ಕೆ ಮಾತ್ರ ಊರಿಗೆ ಬರುವ ಇಪ್ಪತ್ತರ ಹುಡುಗರು, ಕಾಲೇಜಿನ ಹುಡುಗಿಯರು, ಮೊದಲ ಹೆರಿಗೆ ಮುಗಿಸಿದ ಸೊಸೆಯಂದಿರು ಆ ನಮೂನೆಯ ಹೊರಗೆ ಉಳಿಯುತ್ತಾರೆ. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡ ತಾಯಂದಿರಿಗೆ ಮುಂದೆ ಅದು ಕಾಯಂ ಆಗುವ ಸಂಭವ ಹೆಚ್ಚು ಎಂದು ಗೊತ್ತಿದ್ದೂ ಹೆರಿಗೆಯ ನಂತರ ಅವರನ್ನು ಯಾರೂ ಕೇಳುವುದಿಲ್ಲ. ವಯಸ್ಸಿನ ಗೆರೆಯನ್ನು 18ಕ್ಕೆ ಇಳಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಟೇಪು, ಬಿ.ಪಿ. ಯಂತ್ರ, ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಆಶಾ ಕಾರ್ಯಕರ್ತೆಗೆ ಆ ಹೆಚ್ಚಿನ ಕೆಲಸಕ್ಕೆ ತಕ್ಕ ದುಡ್ಡು ಕೊಡಬೇಕು ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ.

ಊಟದ ಬಗ್ಗೆ ನಮ್ಮ ಕಡೆಯವರಿಗೆ ಹೊರಗಿನವರು ಕಲಿಸಬೇಕಾದದ್ದು ಕಡಿಮೆ. ಬಿಳಿಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯೆ, ಹಸಿ ಮೆಂತ್ಯ, ಹಕ್ಕರಿಕಿ, ಶೇಂಗಾ ಚಟ್ನಿ, ಮಜ್ಜಿಗೆ ಇದ್ದ ಗಂಗಾಳ ಯಾವ ಆಹಾರತಜ್ಞರ ಪಟ್ಟಿಗೂ ಕಡಿಮೆಯದಲ್ಲ. ಅದರ ಜಾಗಕ್ಕೆ ಎರಡು ಹೊತ್ತೂ ಬಿಳಿ ಅನ್ನ, ದಿನಕ್ಕೆ ಐದಾರು ಸಲ ಸಕ್ಕರೆ ಸುರಿದ ಚಾ, ಬಾಟಲಿ ಪಾನೀಯ, ಚಿಪ್ಸ್ ಪಾಕೀಟು ಬಂದಿವೆ. ವಾರಕ್ಕೊಮ್ಮೆ ಮಿರ್ಚಿ, ಗಿರ್ಮಿಟ್ ತಿನ್ನುವವರ ಮೇಲೆ ನನ್ನ ದೂರಿಲ್ಲ. ಹೊಲಕ್ಕೂ ಬೈಕು, ಅಂಗಡಿಗೂ ಬೈಕು ಆದಮೇಲೆ ತಿಂದದ್ದು ಕರಗುವ ದಾರಿ ಮುಚ್ಚಿದೆ, ಅದರ ಬಗ್ಗೆ ಕಳವಳವಿದೆ.

ಇನ್ನು ‘ಥೈರಾಯ್ಡ್‌ನಿಂದಲೇ ದಪ್ಪ ಆಗೀನಿ’ ಎಂಬ ಮಾತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ತೂಕ ಏರುವುದು ನಿಜ, ಆದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆ.ಜಿ., ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ನೀರು, ಉಪ್ಪು. ಇಪ್ಪತ್ತು ಕೆ.ಜಿ. ಏರಿದ್ದಕ್ಕೆ ಆ ಗ್ರಂಥಿಯನ್ನು ದೂರಬೇಡಿ. ಕೆಲವರಲ್ಲಿ ಉಲ್ಟಾ ನಡೆಯುತ್ತದೆ: ಬೊಜ್ಜೇ ಟಿಎಸ್‌ಎಚ್ ಅಂಕಿಯನ್ನು ಸ್ವಲ್ಪ ಮೇಲಕ್ಕೆಳೆಯುತ್ತದೆ, ತೂಕ ಇಳಿದರೆ ಅದೂ ಇಳಿಯುತ್ತದೆ. ತೂಕ ಇಳಿಸಲೆಂದು ಥೈರಾಕ್ಸಿನ್ ಮಾತ್ರೆ ನುಂಗುವುದು ಎದೆಬಡಿತ ಕೆಡಿಸಿಕೊಳ್ಳುವ ದಾರಿ. 2025ರಿಂದ ನಮ್ಮ ದೇಶದ ಮಾರುಕಟ್ಟೆಗೆ ಬಂದಿರುವ ತೂಕ ಇಳಿಸುವ ವಾರದ ಇಂಜೆಕ್ಷನ್‌ಗಳ ಬಗ್ಗೆಯೂ ಒಂದು ಮಾತು. ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಅವನ್ನು ತೆಗೆದುಕೊಳ್ಳಬಾರದು. ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಉಪ್ಪು ಅಯೋಡಿನ್ ಇದ್ದದ್ದೇ ಇರಲಿ. ಹರಳುಪ್ಪಿನಲ್ಲಿ ಬಹಳ ಸಲ ಅದು ಇರುವುದಿಲ್ಲ. ಮುಂಡರಗಿ ತಾಲ್ಲೂಕಿನ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು, ಎಲುಬು ಕೆಡಿಸುವುದು ಹಳೆಯ ಸಂಕಟ, ಶುದ್ಧ ನೀರಿನ ಹೋರಾಟಕ್ಕೆ ಅಷ್ಟೇ ಕಾರಣ ಸಾಕು. ಅದನ್ನು ಥೈರಾಯ್ಡ್ ಕ್ಯಾನ್ಸರಿಗೆ ಗಂಟುಹಾಕುವ ಅಗತ್ಯವಿಲ್ಲ.

ಗಂಟು ಕ್ಯಾನ್ಸರೇ ಆದರೆ

ದಾರಿ ಮುಂಡರಗಿಯ ತಾಲ್ಲೂಕು ಆಸ್ಪತ್ರೆಯಿಂದ ಶುರುವಾಗಿ ಗದಗಿನ ಜಿಮ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಎಂದು ಸಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡು, ಆಧಾರ್ ಮೂರನ್ನೂ ಮೊದಲೇ ಜೋಡಿಸಿಟ್ಟುಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ಸರ್ಜನರ ಮುಂದೆ ಕೂತಾಗ ಕೇಳಲು ಸಂಕೋಚ ಬೇಡ: ಅರ್ಧ ಗ್ರಂಥಿ ತೆಗೆದರೆ ಸಾಕೇ, ಇಡೀ ತೆಗೆಯಬೇಕೇ? ಉಳಿದ ಥೈರಾಯ್ಡ್ ಕೋಶಗಳನ್ನು ಸುಡುವ ವಿಕಿರಣ ಅಯೋಡಿನ್ ಚಿಕಿತ್ಸೆ ನನಗೆ ನಿಜಕ್ಕೂ ಬೇಕೇ? ಸಣ್ಣ ಗಂಟಿಗೆ ಎರಡೂ ಬೇಡವಾಗಬಹುದು.

ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಗ್ಗೆ ಎದ್ದೊಡನೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಚಾ ಕುಡಿಯಲು ಅರ್ಧದಿಂದ ಒಂದು ತಾಸು ಕಾಯಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ತಾಸಿನ ಅಂತರ ಬೇಕು. ಬಸುರಿಯರಿಗೆ ಇವೆರಡನ್ನೂ ಕೊಡುವುದರಿಂದ ಇದನ್ನು ಮರೆಯುವಂತಿಲ್ಲ. ವಿಕಿರಣ ಅಯೋಡಿನ್ ತೆಗೆದುಕೊಂಡವರು ಬಸಿರು ನಿಲ್ಲಲು ಕನಿಷ್ಠ ಆರು ತಿಂಗಳು ಕಾಯಬೇಕು. ಆಮೇಲೆ ಮಕ್ಕಳನ್ನು ಹೆರಲು ಅಡ್ಡಿಯಿಲ್ಲ. ಬಸಿರು ನಿಂತದ್ದು ಗೊತ್ತಾದ ಕೂಡಲೇ ಟಿಎಸ್‌ಎಚ್ ನೋಡಿಸಬೇಕು, ಏಕೆಂದರೆ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಮದುವೆಯ ಮಾತುಕತೆಗೆ ಕೂತವರು, ಹೆಣ್ಣಿನ ಕಡೆಯವರಾಗಲಿ ಗಂಡಿನ ಕಡೆಯವರಾಗಲಿ, ಇಷ್ಟನ್ನು ತಿಳಿದುಕೊಂಡು ಮಾತಾಡಬೇಕು.